ಉಬುಂಟು, ಮ್ಯಾಕ್, ವಿಂಡೋಸ್ ಮೂರರಲ್ಲೂ ಟರ್ಮಿನಲ್‌ನಲ್ಲೇ ಸಿಪಿಯು, ರ‍್ಯಾಮ್ ನೋಡೋದು ಹೇಗೆ?

ಉಬುಂಟು, ಮ್ಯಾಕ್‌ಗೆ ಎಚ್‌ಟಾಪ್ (htop) ಸಾಕು, ಯಾವ ಪ್ರೋಗ್ರಾಂ ಎಷ್ಟು ಸಿಪಿಯು, ರ‍್ಯಾಮ್ ತಿನ್ನುತ್ತಿದೆ ಅಂತ ಟರ್ಮಿನಲ್‌ನಲ್ಲೇ ತೋರಿಸೋ ಪ್ರೋಗ್ರಾಂ ಅದು. ಪ್ರೋಗ್ರಾಂ ಇನ್‌ಸ್ಟಾಲ್ ಮಾಡೋ ಸಾಧನಗಳಿಂದ, ಅಂದರೆ ಉಬುಂಟುವಿನಲ್ಲಿ ಆಪ್ಟ್‌ನಿಂದ, ಮ್ಯಾಕ್‌ನಲ್ಲಿ ಹೋಮ್‌ಬ್ರೂನಿಂದ ಹಾಕಿಕೊಳ್ಳಿ. ಶಿಫ್ಟ್ ಹಿಡಿದು ಎಮ್ ಒತ್ತಿದರೆ ರ‍್ಯಾಮ್ ಜಾಸ್ತಿ ತಿನ್ನೋ ಪ್ರೋಗ್ರಾಂ ಮೇಲೆ ಬರುತ್ತದೆ. ಶಿಫ್ಟ್ ಹಿಡಿದೇ ಪಿ ಒತ್ತಿದರೆ ಸಿಪಿಯು ಜಾಸ್ತಿ ತಿನ್ನೋದು.

ತೊಡಕಿರೋದು ವಿಂಡೋಸ್‌ನಲ್ಲಿ. ಎಚ್‌ಟಾಪ್ ಅಲ್ಲಿ ನೇರವಾಗಿ ಓಡುವುದಿಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ (WSL) ಒಳಗೆ ಓಡುತ್ತದೆ, ಆದರೆ ಅದನ್ನು ನಂಬಿ ನಾನೇ ಕೆಟ್ಟಿದ್ದೇನೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ಲ್ಯಾಪ್‌ಟಾಪ್ ಫ್ಯಾನ್ ದಾಲ್ ಮಿಲ್ ಥರ ಸದ್ದು ಮಾಡುತ್ತಿತ್ತು. ಎಚ್‌ಟಾಪ್ ಮಾತ್ರ ಸಿಪಿಯು 2% ಅಂತ ತಣ್ಣಗೆ ಕೂತಿತ್ತು! ಡಬ್ಲ್ಯುಎಸ್‌ಎಲ್ 2 ಅಂದರೆ ಒಂದು ವರ್ಚುವಲ್ ಮಷೀನ್, ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್ ಥರ. ಅದರೊಳಗಿನ ಲಿನಕ್ಸ್‌ನ ಲೆಕ್ಕವಷ್ಟೇ ಅಲ್ಲಿ ಕಾಣುತ್ತದೆ. ಹೊರಗೆ ನಲವತ್ತು ಟ್ಯಾಬ್ ತೆರೆದು ಕೂತ ಬ್ರೌಸರ್ ಕಾಣೋದೇ ಇಲ್ಲ.

ಮೂರಕ್ಕೂ ಒಂದೇ ಬೇಕು ಅಂದರೆ ಎಚ್‌ಟಾಪ್ ಥರದ್ದೇ ‘ಬಾಟಮ್’ (bottom) ಹಾಕಿ, ಕಮಾಂಡ್ ಬಿಟಿಎಮ್ (btm). ವಿಂಡೋಸ್‌ನಲ್ಲೂ ನೇರವಾಗಿ ಓಡುತ್ತದೆ, ವಿಂಡೋಸ್‌ನ ಇನ್‌ಸ್ಟಾಲ್ ಸಾಧನ ವಿನ್‌ಗೆಟ್‌ನಿಂದ ಸಿಗುತ್ತದೆ. ಸೆನ್ಸರ್ ಸಿಕ್ಕರೆ ಶಾಖವನ್ನೂ ತೋರಿಸುತ್ತದೆ. ನಮ್ಮೂರ ಬಿಸಿಲಿಗೆ ಅದೇ ಮೊದಲು ಬೇಕಾದದ್ದು ಅಲ್ವಾ?

ಇನ್ನೊಂದು: ಲಿನಕ್ಸ್‌ನಲ್ಲಿ ಎಚ್‌ಟಾಪ್ ತೋರಿಸೋ ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ) ಏರಿದ್ದು ಕಂಡು ಸುಮ್ನೆ ಗಾಬರಿಯಾಗಬೇಡಿ. ಡಿಸ್ಕಿಗಾಗಿ ಕಾಯುವ ಕೆಲಸಗಳೂ ಅದರಲ್ಲಿ ಸೇರುತ್ತವೆ. ಸಿಪಿಯು ಖಾಲಿ ಇದ್ದರೂ ಅಂಕಿ ಏರಬಹುದು.