ರಿಂಗ್ ಆದ ಕೂಡಲೇ ಓಡಬೇಡಿ: ಮನೆ ಫೋನಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲ್ಯಾಂಡ್‌ಲೈನ್‌ಗೆ ಬರುವ ಬೇಡದ ಕರೆಗಳ ಬಗ್ಗೆಯೇ ಇದ್ದವು. ಬರೆದವರಲ್ಲಿ ತುಂಬಾ ಜನ ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ದೂರದಲ್ಲಿರುವ ಮಕ್ಕಳು. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಶಿವಮೊಗ್ಗದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಾಕು, ಸಾಲ ಬೇಕಾ, ಸೈಟು ಬೇಕಾ ಅಂತ ಫೋನ್ ಬಡಿದುಕೊಳ್ಳುತ್ತದೆ. ಅಪ್ಪನಿಗೆ ಮಂಡಿ ನೋವು, ಕಷ್ಟಪಟ್ಟು ಎದ್ದು ಹೋಗಿ ತೆಗೆದರೆ ಇದು. ಜಾಹೀರಾತು ಕರೆ ಬೇಡ ಅಂತ ನಂಬರ್ ಬರೆಸುವ ಡಿಎನ್‌ಡಿ ಪಟ್ಟಿ ಮೊಬೈಲಿಗೆ ಮಾತ್ರನಾ?

ಉತ್ತರ: ಅಲ್ಲ, ಲ್ಯಾಂಡ್‌ಲೈನ್‌ಗೂ ಇದೆ. ಅದೇ ಫೋನಿನಿಂದ 1909ಕ್ಕೆ ಕರೆ ಮಾಡಿ ನೋಂದಾಯಿಸಿ. ರಿಯಲ್ ಎಸ್ಟೇಟ್, ಬ್ಯಾಂಕಿಂಗ್ ಹೀಗೆ ಬೇಡದ್ದನ್ನು ಮಾತ್ರ ನಿಲ್ಲಿಸಬಹುದು, ಇಲ್ಲಾ ಎಲ್ಲವನ್ನೂ ನಿಲ್ಲಿಸಬಹುದು. ಪೂರ್ತಿ ನಿಲ್ಲಿಸಿ ಅಂತಲೇ ನಾನು ಹೇಳುತ್ತೇನೆ.

ಆದರೆ ನಿಯಮಕ್ಕೆ ಹೆದರುವ ಕಂಪನಿಗಳು ಮಾತ್ರ ಇದರಿಂದ ನಿಲ್ಲುತ್ತವೆ. ಮೋಸ ಮಾಡುವವರು ಪಟ್ಟಿ ನೋಡಿ ಕರೆ ಮಾಡುವುದಿಲ್ಲ. ಅದಕ್ಕೆ ನಂಬರ್ ಕಾಣುವ ಫೋನ್ ಬೇಕೇ ಬೇಕು. ಹಳೇ ಫೋನಾದರೆ ಬದಲಿಸಿ, ಲೈನ್ ಕೊಟ್ಟವರಿಗೆ ಹೇಳಿ ಕಾಲರ್ ಐಡಿ ಹಾಕಿಸಿ. 140ರಿಂದ ಶುರುವಾದರೆ ಜಾಹೀರಾತು, ಅಪ್ಪ ಏಳುವುದೇ ಬೇಡ. 1600ರಿಂದ ಶುರುವಾಗುವುದು ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳ ಸೇವೆಯ ಕರೆಗಳಿಗೆ ಇಟ್ಟ ಸಾಲು. ಇನ್ನು 080 ಅಂತ ಕಂಡ ಮಾತ್ರಕ್ಕೆ ಬೆಂಗಳೂರಿನ ಯಾವುದೋ ದೊಡ್ಡ ಆಫೀಸು ಅಂತ ನಂಬಬೇಡಿ.

ಫೋನ್ ಪಕ್ಕ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ನು ಇಡಿ. ನಂಬರ್, ದಿನ, ಏನು ಹೇಳಿದರು, ಮೂರೇ ಮೂರು ವಿಷಯ ಬರೆದಿಟ್ಟರೆ 1909ಕ್ಕೇ ದೂರು ಕೊಡಬಹುದು. ಮೊದಲು 3 ದಿನದೊಳಗೆ ಕೊಡಬೇಕಿತ್ತು, 2025ರ ಫೆಬ್ರವರಿಯಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಅದನ್ನು 7 ದಿನಕ್ಕೆ ಏರಿಸಿದೆ. ವಾರಕ್ಕೊಮ್ಮೆ ನೀವು ಊರಿಗೆ ಫೋನ್ ಮಾಡಿದಾಗ ಅದನ್ನು ಓದಿಸಿ ಕೇಳಿಕೊಂಡರೂ ಸಮಯ ಮೀರುವುದಿಲ್ಲ.

ಪ್ರಶ್ನೆ: "ನಿಮ್ಮ ಫೋನ್ 2 ಗಂಟೆಯಲ್ಲಿ ಬಂದ್ ಆಗುತ್ತದೆ, 9 ಒತ್ತಿ" ಅಂತ ಮೈಸೂರಿನ ನಮ್ಮ ಮನೆಗೆ ರೆಕಾರ್ಡ್ ಮಾಡಿದ ದನಿಯಲ್ಲಿ ಕರೆ ಬಂತು. ಅಮ್ಮ ಗಾಬರಿಯಾಗಿ ಒತ್ತಿದ್ದಾರೆ. ಯಾರೋ ಹಿಂದಿಯಲ್ಲಿ ಮಾತಾಡಿದರಂತೆ, ಅರ್ಥವಾಗದೆ ಇಟ್ಟರಂತೆ. ಏನಾದರೂ ಆಗುತ್ತಾ?

ಉತ್ತರ: ಏನೂ ಆಗಿಲ್ಲ, ಅಮ್ಮನಿಗೆ ಧೈರ್ಯ ಹೇಳಿ. 9 ಒತ್ತಿದ ಮಾತ್ರಕ್ಕೆ ಬ್ಯಾಂಕಿನ ದುಡ್ಡು ಹೋಗುವುದಿಲ್ಲ. ಒತ್ತಿದವರ ಜೊತೆ ಮಾತಾಡಲು ಮನುಷ್ಯರು ಬರುತ್ತಾರೆ, ಅಷ್ಟೇ. ಟ್ರಾಯ್ ಹೆಸರು ಹೇಳಿದರೂ ನಂಬಬೇಡಿ, ನಾವು ಇಂಥ ಕರೆ ಮಾಡುವುದೇ ಇಲ್ಲ ಅಂತ ಆ ಸಂಸ್ಥೆಯೇ ಹೇಳಿದೆ.

ಅಮ್ಮ ಇಡದೇ ಇದ್ದಿದ್ದರೆ ಮುಂದೆ ಏನಾಗುತ್ತಿತ್ತು ಅಂತ ನಿಮಗೆ ಗೊತ್ತಿರಲಿ. ನಿಮ್ಮ ಆಧಾರ್ ಬಳಸಿ ಮುಂಬೈಯಲ್ಲಿ ಸಿಮ್ ತೆಗೆದಿದ್ದಾರೆ ಅನ್ನುತ್ತಾರೆ, ಕೇಸಾಗಿದೆ ಅನ್ನುತ್ತಾರೆ, ಪೊಲೀಸ್ ಸಾಹೇಬರಿಗೆ ಕೊಡುತ್ತೇನೆ ಅನ್ನುತ್ತಾರೆ, ಆಮೇಲೆ ಮೊಬೈಲ್ ನಂಬರ್ ಹೇಳಿ, ವಿಡಿಯೊ ಕಾಲ್‌ಗೆ ಬನ್ನಿ ಅನ್ನುತ್ತಾರೆ. ಅಲ್ಲಿ ಯೂನಿಫಾರ್ಮ್ ಹಾಕಿದವನೊಬ್ಬ ಕೂತಿರುತ್ತಾನೆ. ಡಿಜಿಟಲ್ ಅರೆಸ್ಟ್, ಅಂದರೆ ವಿಡಿಯೊ ಕಾಲ್‌ನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ, ಮಕ್ಕಳಿಗೂ ಹೇಳಬೇಡಿ ಅಂತ ತಾಕೀತು ಮಾಡುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೂ ಇದನ್ನೇ ಹೇಳಿದ್ದರು. ಯಾರಿಗೂ ಹೇಳಬೇಡಿ ಅನ್ನುವ ಮಾತು ಬಂತೋ, ಆಗಲೇ ಫೋನ್ ಇಟ್ಟುಬಿಡಬೇಕು.

ಲ್ಯಾಂಡ್‌ಲೈನ್‌ನಲ್ಲಿ ಇನ್ನೊಂದು ಉಪಾಯ ನಡೆಯುತ್ತದೆ. ನಂಬಿಕೆ ಇಲ್ಲದಿದ್ದರೆ ಫೋನ್ ಇಟ್ಟು ಬ್ಯಾಂಕಿಗೇ ಮಾಡಿ ಕೇಳಿ ಅಂತ ಅವರೇ ಹೇಳುತ್ತಾರೆ. ನೀವು ಇಡುತ್ತೀರಿ, ಅವರು ಇಡುವುದಿಲ್ಲ. ಕೆಲವು ಕಡೆ, ಕರೆ ಮಾಡಿದವರು ಇಡುವ ತನಕ ಲೈನ್ ಸ್ವಲ್ಪ ಹೊತ್ತು ಬಿಡುವುದಿಲ್ಲ. ನೀವು ಮತ್ತೆ ಎತ್ತಿದಾಗ ಡಯಲ್ ಟೋನಿನ ಸದ್ದನ್ನು ಅವರೇ ಹಾಕುತ್ತಾರೆ, ಬ್ಯಾಂಕಿನ ನಂಬರ್ ಒತ್ತಿದರೆ ಅದೇ ಗುಂಪಿನವರು ಬ್ಯಾಂಕಿನವರ ಹಾಗೆ ಮಾತಾಡುತ್ತಾರೆ. ಇಂಗ್ಲೆಂಡಿನಲ್ಲಿ ಎಷ್ಟೋ ಹಿರಿಯರು ಹೀಗೆ ದುಡ್ಡು ಕಳೆದುಕೊಂಡರು. ಕೊನೆಗೆ ಅಲ್ಲಿನ ಫೋನ್ ಕಂಪನಿಗಳು ಲೈನ್ ತೆರೆದಿರುವ ಸಮಯವನ್ನು ಕೆಲವೇ ಸೆಕೆಂಡಿಗೆ ಇಳಿಸಬೇಕಾಯಿತು. ಹಾಗಾಗಿ ವಿಚಾರಿಸುವುದಿದ್ದರೆ ಮೊಬೈಲಿನಿಂದ ಮಾಡಿ. ಮೊಬೈಲ್ ಇಲ್ಲದಿದ್ದರೆ ಮೊದಲು ದನಿ ಗೊತ್ತಿರುವ ಯಾರಿಗಾದರೂ, ಪಕ್ಕದ ಮನೆಯವರಿಗೋ ತಂಗಿಗೋ, ಒಮ್ಮೆ ಮಾಡಿ ನೋಡಿ.

ಪ್ರಶ್ನೆ: ನಾನು ಧಾರವಾಡದ ಅಜ್ಜಿ. "ಅಜ್ಜಿ, ನಾನು, ಗುರ್ತು ಸಿಗ್ಲಿಲ್ಲೇನು?" ಅಂತ ಒಬ್ಬ ಹುಡುಗ ಫೋನ್ ಮಾಡಿದ. ನಾನು ಮೊಮ್ಮಗನ ಹೆಸರು ಹೇಳಿಬಿಟ್ಟೆ. ಹೌದು ಅವನೇ, ಆಕ್ಸಿಡೆಂಟ್ ಆಗೇತಿ, ರೊಕ್ಕ ಬೇಕು ಅಂದ. ಪುಣ್ಯಕ್ಕೆ ಮಗ ಮನೆಯಲ್ಲಿದ್ದ. ಆದರೆ ಫೋನ್ ಇಟ್ಟುಬಿಟ್ಟು, ನಿಜವಾಗಿ ಮೊಮ್ಮಗನೇ ಆಗಿದ್ದರೆ?

ಉತ್ತರ: ಅಜ್ಜಿ, ನಿಮ್ಮ ಪತ್ರ ಓದಿ ನನ್ನ ಅಮ್ಮನೇ ಕಣ್ಣ ಮುಂದೆ ಬಂದರು. ಫೋನ್ ರಿಂಗ್ ಆದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಅಡುಗೆಮನೆಯಿಂದ ಓಡಿ ಬಂದು, ರಿಸೀವರ್ ಎತ್ತಿದ ಕೂಡಲೇ "ಹಲೋ, ಪುಟ್ಟೀನಾ?" ಅನ್ನುತ್ತಿದ್ದರು. ಆ ಕಡೆಯವರು ಬಾಯಿ ಬಿಡುವ ಮೊದಲೇ ಮನೆಯ ಒಂದು ಹೆಸರು ಹೊರಗೆ ಹೋಗಿರುತ್ತಿತ್ತು. ನಿಮಗೆ ಕರೆ ಮಾಡಿದವನಿಗೂ ಮೊಮ್ಮಗನ ಹೆಸರು ಗೊತ್ತಿರಲಿಲ್ಲ, ನೀವೇ ಕೊಟ್ಟಿರಿ. ಇನ್ನು ಮೇಲೆ "ಯಾರು, ನೀನೇ ಹೇಳು" ಅನ್ನಿ. ಹೆಸರು ಹೇಳಿದರೂ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ: ಹಿತ್ತಲ ಬಾಗಿಲು ಯಾವ ಬಣ್ಣ, ನಿನ್ನನ್ನು ನಾನು ಚಿಕ್ಕವನಿದ್ದಾಗ ಏನಂತ ಕರೀತಿದ್ದೆ, ಹೀಗೆ. ಆಮೇಲೆ ಫೋನ್ ಇಟ್ಟು, ನಿಮ್ಮ ಹತ್ತಿರ ಬರೆದಿಟ್ಟಿರುವ ಮೊಮ್ಮಗನ ನಂಬರಿಗೆ ನೀವೇ ಮಾಡಿ. ನಿಜವಾಗಿ ಅವನೇ ಆಗಿದ್ದರೆ ಎರಡು ನಿಮಿಷದಲ್ಲಿ ಏನೂ ಕೆಡುವುದಿಲ್ಲ.

ಫೋನ್ ಇಡುವುದು ಅಮರ್ಯಾದೆ ಅಂತ ನಮ್ಮ ಹಿರಿಯರು ಅಂದುಕೊಂಡಿದ್ದಾರೆ. ಈ ಮೋಸವೆಲ್ಲಾ ಬೆಳೆಯುವುದು ಆ ಒಳ್ಳೆಯತನದ ಮೇಲೇ, ನನಗೆ ಹೊಟ್ಟೆ ಉರಿಯುವುದೂ ಅದಕ್ಕೇ. ಒಮ್ಮೆ ಸಾಲ ಮಾರುವ ಹುಡುಗನ ಮಾತನ್ನು ನನ್ನಮ್ಮ ಇಪ್ಪತ್ತು ನಿಮಿಷ ನಿಂತೇ ಕೇಳಿದರು. ಯಾಕಮ್ಮಾ ಅಂದರೆ, "ಪಾಪ, ಮಾತಾಡ್ತಾ ಇದ್ದ, ಹೇಗೆ ಇಡೋದು?" ಅಂದರು. ಆಮೇಲೆ ನಾನು ಪಕ್ಕದ ಕೋಣೆಯಿಂದ ಮೊಬೈಲಿನಲ್ಲಿ ಮನೆ ಫೋನಿಗೆ ಕರೆ ಮಾಡಿ, ಬ್ಯಾಂಕಿನವಳ ಹಾಗೆ ಮಾತಾಡಿ ಅಭ್ಯಾಸ ಮಾಡಿಸಿದೆ. "ಮಗಳನ್ನು ಕೇಳಿ ಹೇಳ್ತೀನಿ" ಅಂತ ಒಂದೇ ಮಾತು, ಕಟ್. ಮೂರನೇ ಸಲಕ್ಕೆ ಬಂತು. ಇದನ್ನು ಓದುತ್ತಿರುವ ಮಕ್ಕಳು, ಮೊಮ್ಮಕ್ಕಳು ಮುಂದಿನ ಸಲ ಊರಿಗೆ ಹೋದಾಗ ದಯವಿಟ್ಟು ಒಮ್ಮೆ ಮಾಡಿಸಿ.

ಪ್ರಶ್ನೆ: 00ಯಿಂದ ಶುರುವಾಗುವ ನಂಬರಿನಿಂದ ಒಂದೇ ರಿಂಗ್ ಬಂದು ನಿಲ್ಲುತ್ತದೆ. ಮಗ ದುಬೈಯಲ್ಲಿದ್ದಾನೆ. ವಾಪಸ್ ಮಾಡಲಾ? (ಪುತ್ತೂರು)

ಉತ್ತರ: ಬೇಡ. ವಾಪಸ್ ಮಾಡಿದರೆ ಜಾಸ್ತಿ ದರದ ಲೈನಿಗೆ ಸೇರಿಸಿ ಬಿಲ್ ಏರಿಸುವ ಹಳೇ ಮೋಸ ಅದು. ದುಬೈ ಕರೆಯಾದರೆ 00 ಆದ ಮೇಲೆ 971 ಇರುತ್ತದೆ. ಇದ್ದರೂ ಮಗನ ನಂಬರಿಗೇ ಮಾಡಿ, ಕಂಡ ನಂಬರಿಗಲ್ಲ.

ಪ್ರಶ್ನೆ: ಹೆಸರು ಹಾಕಬೇಡಿ. ಹುಬ್ಬಳ್ಳಿಯಲ್ಲಿ ಒಬ್ಬಳೇ ಇದ್ದೇನೆ. ಮೊನ್ನೆ ಫೋನಿನಲ್ಲಿ ಓಟಿಪಿ ಹೇಳಿ ದುಡ್ಡು ಕಳೆದುಕೊಂಡೆ. ಮಗಳಿಗೆ ಹೇಳಲು ನಾಚಿಕೆ.

ಉತ್ತರ: ನಾಚಿಕೆ ಪಡಬೇಕಾದವರು ನೀವಲ್ಲ. ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅವರು ಆ ಬ್ಯಾಂಕಿಗೆ ಹೇಳಿ ತಡೆಸಬಹುದು. ಮೊದಲ ಕೆಲವು ಗಂಟೆಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ, ಆದರೂ ತಡವಾಯಿತು ಅಂತ ಸುಮ್ನೆ ಕೂರಬೇಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಓಟಿಪಿ ನೀವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ನಿಮ್ಮದಲ್ಲ. ಕಾರ್ಡ್ ಬಂದ್ ಮಾಡಿಸಿ, ಪಾಸ್‌ಬುಕ್ ತುಂಬಿಸಿಕೊಂಡು ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಮಗಳನ್ನು ಕರೆಸಿಕೊಳ್ಳಿ. ಅವಳು ಒಂದು ಮಾತು ಬೈದರೂ ಬೈಯಲಿ, ಇವತ್ತೇ ಹೇಳಿ.