ಬೀದರ್ ಹಳೇ ಊರಿನ ಪಾಳು ಕಟ್ಟಡಗಳು ಅಲ್ಲಿನ ಕಸುಬುದಾರರಿಗೂ ವ್ಯಾಪಾರಿಗಳಿಗೂ ಒದಗಬಲ್ಲವೇ?

ಹಳೇ ಊರಿನಲ್ಲಿ ಬೀಗ ಬಿದ್ದು ಹಾಳಾಗುತ್ತಿರುವ ದೇವಡಿಗಳನ್ನೂ (ನಡುವೆ ಅಂಗಳವಿರುವ ಹಳೆಯ ದೊಡ್ಡ ಮನೆಗಳು) ಕಮಾನು ಕಟ್ಟಡಗಳನ್ನೂ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕಸುಬುದಾರರಿಗೆ, ಸಣ್ಣ ವ್ಯಾಪಾರಿಗಳಿಗೆ ಒದಗಿಸಲು ಸಾಧ್ಯವೇ, ಪುರಾತತ್ತ್ವ ಇಲಾಖೆಯ ಕಾನೂನು ಅಡ್ಡ ಬರುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ಸಾಧ್ಯವಿದೆ. ನಾನು ಬೀದರ್‌ನವನು, ಹಳೆಯ ಕಟ್ಟಡಗಳ ದುರಸ್ತಿಯನ್ನೇ ವೃತ್ತಿ ಮಾಡಿಕೊಂಡಿರುವ ಎಂಜಿನಿಯರ್. ಕಟ್ಟಡವನ್ನು ಮೊದಲು ಅಂದಗೊಳಿಸಿ ಆಮೇಲೆ ಬಾಡಿಗೆದಾರರನ್ನು ಹುಡುಕುವ ಯೋಜನೆ ನಮ್ಮ ಊರಿಗೆ ಹೊಂದುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಓಣಿಯಲ್ಲಿ ಈಗಾಗಲೇ ನಡೆಯುತ್ತಿರುವ ಕಸುಬಿಗೆ ಏನು ಬೇಕೆಂದು ತಿಳಿದು, ಅದಕ್ಕೆ ತಕ್ಕಂತೆ ಕೋಣೆಯನ್ನು ಸಿದ್ಧಪಡಿಸಿ, ಬಹುಕಾಲ ಅಲ್ಲೇ ಇರಬಹುದೆಂಬ ಭರವಸೆಯನ್ನು ಕರಾರಿನ ಮೂಲಕ ಕೊಟ್ಟರೆ ಕಸುಬಿನ ಜೊತೆಗೆ ಕಟ್ಟಡವೂ ಉಳಿದುಕೊಳ್ಳುತ್ತದೆ.

ಮೊದಲು ಕಾನೂನಿನ ಮಾತು. ಕೋಟೆ ಮತ್ತು 1472ರ ಮಹಮೂದ್ ಗವಾನ್ ಮದರಸಾ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅವುಗಳ ಒಳಗೆ ಅಂಗಡಿಯ ಮಾತೇ ಬೇಡ, ಬರಲೂಬಾರದು. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತಲಿನ 100 ಮೀಟರ್‌ನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಆದರೆ ಈಗಾಗಲೇ ಇರುವ ಮನೆ ಅಥವಾ ಅಂಗಡಿಯ ದುರಸ್ತಿಗೆ 100 ಮೀಟರ್‌ನೊಳಗೂ ಅನುಮತಿ ಕೇಳಲು ಅವಕಾಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಹೀಗಾಗಿ ಹೊಸದನ್ನು ಕಟ್ಟಲು ಹೊರಟವರಿಗೆ ತಡೆಯಾಗುವ ಇದೇ ಕಾನೂನು, ಹಳೆಯದನ್ನು ಸರಿಪಡಿಸಿ ಬಳಸುವವರಿಗೆ ಒಂದು ರೀತಿಯಲ್ಲಿ ಅನುಕೂಲವನ್ನೇ ಮಾಡಿಕೊಡುತ್ತದೆ.

ಇದಕ್ಕಿಂತ ಕಠಿಣವಾದದ್ದು ಮಾಲೀಕತ್ವದ ಪ್ರಶ್ನೆ. ದೇವಡಿಗಳ ವಾರಸುದಾರರು ಹೈದರಾಬಾದ್, ಪುಣೆ, ಕೊಲ್ಲಿ ದೇಶಗಳೆಂದು ಚದುರಿಹೋಗಿರುತ್ತಾರೆ. 1948ರವರೆಗೆ ಬೀದರ್ ನಿಜಾಮರ ಆಡಳಿತದಲ್ಲಿತ್ತಾದ್ದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿ, ಅದರಲ್ಲೂ ಎಲ್ಲರಿಗೂ ಓದಲು ಬಾರದ ಶಿಕಸ್ತ ಬರವಣಿಗೆಯಲ್ಲಿ ಇರುವುದುಂಟು. ಅಂಥ ಕಾಗದವನ್ನು ಓದಬಲ್ಲ ಒಬ್ಬ ಹಿರಿಯರನ್ನು ಹುಡುಕಿಕೊಳ್ಳುವುದು ಗಾರೆ ಕೆಲಸದವರನ್ನು ಹುಡುಕುವುದಕ್ಕಿಂತ ಮೊದಲಿನ ಕೆಲಸ. ಜಾಗ ವಕ್ಫ್‌ಗೆ ಸೇರಿದ್ದರೆ ಮಂಡಳಿಯ ಅನುಮತಿಯಿಲ್ಲದೆ ಗುತ್ತಿಗೆಗೆ ಪಡೆಯಲಾಗದು, ಮುಜರಾಯಿಗೆ ಸೇರಿದ್ದರೆ ಆ ಇಲಾಖೆಯನ್ನು ಕೇಳಬೇಕು.

ಇನ್ನು ಕಸುಬಿನ ವಿಷಯ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕ (ಊರಿನ ಹೆಸರಿನ ವಸ್ತುವಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಮಾನ್ಯತೆ) ದೊರೆಯಿತು, 2023ರಲ್ಲಿ ನಮ್ಮ ಊರಿನ ಹಿರಿಯ ಕಲಾವಿದರಾದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು. ಇಷ್ಟಾದರೂ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಮನೆಯ ಒಂದು ಮೂಲೆಯಲ್ಲೇ ಕುಳಿತು ದುಡಿಯುತ್ತಾರೆ. ಅವರಿಗೆ ಎಂಥ ಜಾಗ ಬೇಕೆಂಬುದನ್ನು ಕೆಲಸದ ಹಂತಗಳೇ ಹೇಳುತ್ತವೆ. ಸತುವಿಗೆ ತಾಮ್ರವನ್ನು ಸುಮಾರು 16:1ರ ಪ್ರಮಾಣದಲ್ಲಿ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಎರಕ ಹೊಯ್ಯುವಾಗ ಏಳುವ ಹೊಗೆ ಶ್ವಾಸಕ್ಕೆ ಒಳ್ಳೆಯದಲ್ಲ. ಆದ್ದರಿಂದ ಎರಕದ ಒಲೆ ತೆರೆದ ಅಂಗಳದ ಕಡೆಗಿರಬೇಕು, ಅದಕ್ಕೆ ಎತ್ತರದ ಹೊಗೆಕೊಳವೆ ಇರಬೇಕು. ಅರದಿಂದ ಉಜ್ಜಿ ನುಣುಪಾಗಿಸಿದ ಪಾತ್ರೆಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬಳ್ಳಿ, ಹೂವುಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವವರು ನೆಲದ ಮೇಲೆ ಕುಳಿತು ದುಡಿಯುವವರಾದ್ದರಿಂದ ಅವರ ಕೈಮೇಲೆ ಬೆಳಕು ಬೀಳಬೇಕಾದರೆ ಕಿಟಕಿ ತಗ್ಗಿನಲ್ಲಿರಬೇಕು. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನ ಸಂಸ್ಕಾರದಿಂದ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಹಂತದಲ್ಲಿ ಉಳಿಯುವ ರಾಸಾಯನಿಕ ನೀರು ಓಣಿಯ ಚರಂಡಿಗೆ ಹರಿಯದಂತೆ ಪ್ರತ್ಯೇಕ ತೊಟ್ಟಿ ಬೇಕು. ಇಷ್ಟನ್ನೂ ಎದುರಿಗಿಟ್ಟುಕೊಂಡು ಹಳೆಯ ದೇವಡಿಯ ವಿನ್ಯಾಸವನ್ನು ನೋಡಿ: ನಡುವೆ ತೆರೆದ ಅಂಗಳ, ಸುತ್ತಲೂ ತೆರೆದ ಮೊಗಸಾಲೆ, ಬೀದಿಯ ಕಡೆಗೆ ಕಮಾನಿನ ಕೋಣೆಗಳು, ಅಂಗಳದಲ್ಲೊಂದು ಬಾವಿ. ಒಲೆ ಅಂಗಳಕ್ಕೆ, ತಂತಿಯ ಕೆಲಸ ಮೊಗಸಾಲೆಗೆ, ಮಾರಾಟ ಬೀದಿಯ ಕೋಣೆಗೆ ಬಂದರೆ ಗೋಡೆಯೊಂದನ್ನೂ ಒಡೆಯಬೇಕಾಗಿಲ್ಲ. ಈ ಹೊಂದಾಣಿಕೆಯನ್ನು ಕಂಡಾಗಲೆಲ್ಲ ನನಗೆ ಬಹಳ ಸಂತೋಷವಾಗುತ್ತದೆ.

ಗಿರಾಕಿಗಳ ಮಾತಿಗೆ ಬಂದರೆ, ಕೋಟೆಯಿಂದ ತಖ್ತ್-ಎ-ಕಿರ್ಮಾನಿ ಎಂಬ ಹಳೆಯ ದ್ವಾರವನ್ನೂ ಮದರಸಾವನ್ನೂ ದಾಟಿ ಹಳೇ ಊರಿನ ನಡುವಿನ ಗೋಪುರವಾದ ಚೌಬಾರಾ ತಲುಪುವ ರಸ್ತೆಯನ್ನು ಆರಾಮವಾಗಿ ನಡೆದುಕೊಂಡೇ ನೋಡಬಹುದು. ಆದರೆ ಹೊರಗಿನಿಂದ ಬರುವವರು ಕೋಟೆಯ ಮುಂದೆ ಕಾರಿನಿಂದ ಇಳಿದು, ಮದರಸಾದ ಮುಂದೆ ಇನ್ನೊಮ್ಮೆ ಇಳಿದು, ಊರನ್ನು ನೋಡದೆಯೇ ಹೊರಟುಹೋಗುತ್ತಾರೆ. ನಾನಕ್ ಝೀರಾ ಗುರುದ್ವಾರಕ್ಕೆ ಬರುವ ಯಾತ್ರಿಕರಲ್ಲೂ ಚೌಬಾರಾದ ಓಣಿಗಳಿಗೆ ಕಾಲಿಡುವವರು ಕಡಿಮೆ. ಕೆಲಸ ನಡೆಯುವುದನ್ನು ಕಣ್ಣಾರೆ ಕಂಡವರು ಬೆಲೆಯನ್ನು ಅರ್ಥ ಮಾಡಿಕೊಂಡು ಕೊಳ್ಳುತ್ತಾರೆ. ಹಾಗೆಂದು ಪ್ರವಾಸಿಗರನ್ನೇ ನಂಬಿ ಕೂಡಬಾರದು. ದರ್ಜಿ, ಕಲಾಯಿ ಹಾಕುವವರು, ಚಹಾದ ಹೋಟೆಲು, ಬಳೆ ಅಂಗಡಿ ಮುಂತಾಗಿ ಓಣಿಯವರೇ ದಿನವೂ ಬಳಸುವ ಅಂಗಡಿಗಳು ಪಕ್ಕದ ಕೋಣೆಗಳಲ್ಲಿದ್ದರೆ ಮಳೆಗಾಲದಲ್ಲೂ ಅಂಗಳ ಬರಿದಾಗುವುದಿಲ್ಲ.

ದುರಸ್ತಿಯಲ್ಲಿ ಒಂದೇ ಒಂದು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ: ಸಿಮೆಂಟು ಬೇಡ. ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಸಣ್ಣ ಸಣ್ಣ ರಂಧ್ರಗಳಿಂದ ನೀರನ್ನು ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾಯಿ ಮಾಡಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಕಟ್ಟಿ, ಕಲ್ಲೇ ಪುಡಿಯಾಗಿ ಉದುರತೊಡಗುತ್ತದೆ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಹೋಗಗೊಡುತ್ತದೆ. ಅದಕ್ಕೆ ಖರ್ಚೂ ಸಮಯವೂ ಹೆಚ್ಚು ಬೇಕು ನಿಜ, ಆದರೆ ಕೆಲವೇ ವರ್ಷಗಳಲ್ಲಿ ಮತ್ತೆ ಗಿಲಾಯಿ ಕೆರೆಯುವ ಕೆಲಸ ತಪ್ಪುತ್ತದೆ.

ಬಾಡಿಗೆಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಜಾಗ ಚೆಂದವಾದ ಕೂಡಲೇ ಬಾಡಿಗೆ ಏರುತ್ತದೆ, ಯಾರಿಗಾಗಿ ಅದನ್ನು ಸರಿಪಡಿಸಿದೆವೋ ಅವರೇ ಮೊದಲು ಹೊರಬೀಳುತ್ತಾರೆ. ಆದುದರಿಂದ ಕರಾರು ದೀರ್ಘಾವಧಿಯದಾಗಿರಬೇಕು, ನೋಂದಣಿಯಾಗಿರಬೇಕು, ಬಾಡಿಗೆ ಎಷ್ಟರಮಟ್ಟಿಗೆ ಏರಬಹುದೆಂಬುದು ಮೊದಲೇ ಬರೆದಿರಬೇಕು, ಕಸುಬುದಾರರು ಮಾಡುವ ದುರಸ್ತಿಯ ಖರ್ಚು ಬಾಡಿಗೆಯಲ್ಲಿ ಕಳೆಯುವಂತಿರಬೇಕು. ಕಟ್ಟೆಯ ಮೇಲೆ, ರಸ್ತೆಯ ಬದಿಯಲ್ಲಿ ಮಾರುವವರನ್ನೂ ಮರೆಯಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸುಂದರೀಕರಣದ ಹೆಸರಿನಲ್ಲಿ ಅವರನ್ನು ಎಬ್ಬಿಸುವ ಮಾತು ಬಂದರೆ ಆ ಸಮಿತಿಯಲ್ಲಿ ವಿಷಯವನ್ನು ಎತ್ತಿ. ಹೈದರಾಬಾದ್‌ನ ಮೊಅಜ್ಜಮ್ ಜಾಹಿ ಮಾರುಕಟ್ಟೆಯನ್ನು ನೀವು ನೋಡಿರಬಹುದು. 1935ರ ಆ ಕಲ್ಲಿನ ಕಟ್ಟಡವನ್ನು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರ ಮಾಡಿದ ನಂತರವೂ ಅದು ಮಾರುಕಟ್ಟೆಯಾಗಿಯೇ ಉಳಿದಿದೆ, ಹೆಸರಾದ ಐಸ್‌ಕ್ರೀಂ ಅಂಗಡಿಗಳು ಈಗಲೂ ಅಲ್ಲಿ ನಡೆಯುತ್ತಿವೆ. ಬೀದರ್‌ಗೆ ಅಷ್ಟು ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಒಬ್ಬ ಮಾಲೀಕರು ಒಪ್ಪಿ, ಒಂದು ದೇವಡಿಯ ಬೀದಿಬದಿಯ ಕೋಣೆಗಳನ್ನಷ್ಟೇ ಕೊಟ್ಟರೂ ಆರಂಭಕ್ಕೆ ಸಾಕು.

ನಿಮ್ಮ ಮನಸ್ಸಿನಲ್ಲಿ ಯಾವುದಾದರೂ ಕಟ್ಟಡವಿದ್ದರೆ ಅದನ್ನು ಮಳೆಗಾಲದಲ್ಲೇ ಹೋಗಿ ನೋಡಿ. ಮಾಳಿಗೆ ಎಲ್ಲಿ ಸೋರುತ್ತದೆ, ಗೋಡೆಯ ಬುಡದಲ್ಲಿ ತೇವ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ. ರಕ್ಷಿತ ಸ್ಮಾರಕದಿಂದ ಎಷ್ಟು ಮೀಟರ್ ದೂರದಲ್ಲಿದೆ, ಯಾರ ಹೆಸರಿನಲ್ಲಿದೆ, ಅಂಗಳದ ಅಳತೆ ಎಷ್ಟು ಎಂಬ ವಿವರಗಳನ್ನು ಇಲ್ಲಿ ಬರೆದರೆ ಯಾವ ಕಚೇರಿಗೆ ಮೊದಲು ಅರ್ಜಿ ಕೊಡಬೇಕೆಂದು ಹೇಳಬಲ್ಲೆ. ಗಾರೆಯ ಕೆಲಸವನ್ನು ದಸರೆಯ ನಂತರವೇ ಇಟ್ಟುಕೊಳ್ಳಿ, ಏಕೆಂದರೆ ನಮ್ಮ ಬೇಸಿಗೆಯ ಬಿಸಿಲಿಗೆ ಸುಣ್ಣ ಬೇಗ ಒಣಗಿ ಬಿರುಕು ಬಿಡುತ್ತದೆ.