ಸಂಪಾದಕರ ಉತ್ತರ: ಡೇಟಾಬೇಸ್ ರಾಣಿಯನ್ನು ಯಾಕೆ ಕೊಟ್ಟಿತು?

ಸಾಗರದಿಂದ ಬರೆದಿರುವ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಎರಡನೇ ಸಲ ಬೋರ್ಡ್ ಮೇಲೆ ಕಾಯಿ ಜೋಡಿಸಿಕೊಂಡು. ಉಳಿದ ಓದುಗರಿಗಾಗಿ ವಿಷಯ ಇಷ್ಟು. ನಿಮ್ಮ ಹಳೆಯ ಚೆಸ್ ಪ್ರೋಗ್ರಾಂ, ಡ್ರಾ ಎಂದು ಎಲ್ಲರಿಗೂ ಗೊತ್ತಿರುವ ಎಂಡ್‌ಗೇಮಿನಲ್ಲಿ (ಕೆಲವೇ ಕಾಯಿ ಉಳಿದ ಕೊನೆಯ ಹಂತದಲ್ಲಿ) ಬಿಳಿಯ ಕಡೆಗೆ ನಾಲ್ಕು ಪಾಯಿಂಟ್, ಅಂದರೆ ನಾಲ್ಕು ಪದಾತಿಯಷ್ಟು ಮೇಲುಗೈ, ತೋರಿಸುತ್ತದೆ. ಸರಿ, ಎಂಡ್‌ಗೇಮ್ ಡೇಟಾಬೇಸ್ (ಕೆಲವೇ ಕಾಯಿ ಇರುವ ಸ್ಥಿತಿಗಳ ಉತ್ತರವನ್ನೆಲ್ಲ ಮೊದಲೇ ಲೆಕ್ಕ ಹಾಕಿ ಬರೆದಿಟ್ಟ ಕೋಶ) ನೋಡೋಣ ಅಂತ ಹೋದರೆ ಅದು ಇನ್ನೊಂದು ಆಟದಲ್ಲಿ ರಾಣಿಯನ್ನೇ ಕೊಟ್ಟುಬಿಡುವ ನಡೆಯನ್ನು ಪಟ್ಟಿಯ ತಲೆಯಲ್ಲಿ ಇಟ್ಟಿದೆ. 'ಇವೆರಡರಲ್ಲಿ ಯಾವುದನ್ನು ನಂಬಲಿ?' ಅಂತ ಕೇಳಿದ್ದೀರಿ. ಕೊನೆಗೆ ಒಂಬತ್ತು ಕಾಯಿಗಳ ಇನ್ನೊಂದು ಸ್ಥಿತಿಯನ್ನೂ ಕಳಿಸಿದ್ದೀರಿ.

ಮೊದಲನೆಯದು ನೋಡೋಣ. ಬಿಳಿಯ ಹತ್ತಿರ ರಾಜ, ಎಚ್ ಸಾಲಿನ ಪದಾತಿ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ. ಕಪ್ಪು ರಾಜ ಎಚ್8ರ ಮೂಲೆ ಹಿಡಿದು ಕೂತಿದ್ದಾನೆ. ಪದಾತಿ ರಾಣಿಯಾಗಬೇಕಾದ ಎಚ್8 ಕಪ್ಪು ಮನೆ, ಒಂಟೆ ಅದನ್ನು ಮುಟ್ಟಲಾರದು. ಹಾಗಾಗಿ ರಾಜನನ್ನು ಅಲ್ಲಿಂದ ಎಬ್ಬಿಸಲು ಆಗುವುದೇ ಇಲ್ಲ, ಜಾಸ್ತಿ ಒತ್ತಿದರೆ, ಚೆಕ್ ಇಲ್ಲದೆಯೂ ಆಡಲು ನಡೆಯೇ ಉಳಿಯದೆ ಡ್ರಾ ಆಗುವ ಸ್ಟೇಲ್‌ಮೇಟ್. ಇದು ಮನುಷ್ಯರಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಪ್ರೋಗ್ರಾಂ ಮಾತ್ರ ಇಷ್ಟು ನಡೆ ಮುಂದೆ ಹೋಗಿ ನೋಡುತ್ತದೆ, ಅಲ್ಲಿಯೂ ಒಂಟೆ ಇದೆ, ಪದಾತಿ ಇದೆ, ಅವುಗಳ ಬೆಲೆ ಕೂಡಿಸಿ ನಾಲ್ಕು ಅನ್ನುತ್ತದೆ. ಒಳ್ಳೆಯ ಪ್ರೋಗ್ರಾಂಗಳಲ್ಲಿ ಇದಕ್ಕೆಂದೇ ಒಂದು ನಿಯಮ ಬರೆದಿರುತ್ತಾರೆ. ನಿಮ್ಮದರಲ್ಲಿ ಅದು ಇದ್ದಂತಿಲ್ಲ. ಆ ನಾಲ್ಕು ಅನ್ನುವುದು ಒಂದು ಅಂದಾಜು, ಅಷ್ಟೇ.

ಡೇಟಾಬೇಸ್ ಅಂದಾಜು ಮಾಡುವುದಿಲ್ಲ. ಮಗ್ಗಿ ಬಾಯಿಪಾಠ ಇದ್ದವರು ಹದಿನೇಳೆಂಟಲ ನೂರ ಮೂವತ್ತಾರು ಅಂತ ಕೂಡಿಸದೆಯೇ ಹೇಳುತ್ತಾರಲ್ಲ, ಹಾಗೆ. ಆ ಮಗ್ಗಿಯನ್ನು ಬರೆಯುವ ರೀತಿ ನನಗೆ ತುಂಬಾ ಇಷ್ಟ. ಆಟವನ್ನು ತಲೆಕೆಳಗೆ ಮಾಡಿ ಕೊನೆಯಿಂದ ಹಿಂದಕ್ಕೆ ಬರುತ್ತಾರೆ. ಮೊದಲು ಆ ಕಾಯಿಗಳಲ್ಲಿ ಚೆಕ್‌ಮೇಟ್ ಆಗಿರುವ ಸ್ಥಿತಿಗಳನ್ನೆಲ್ಲ ಗುರುತಿಸುತ್ತಾರೆ. ಯಾವ ಸ್ಥಿತಿಯಿಂದ ಒಂದೇ ನಡೆಯಲ್ಲಿ ಅಲ್ಲಿಗೆ ಹೋಗಬಹುದೋ ಅದು ಗೆಲುವು. ಏನು ಆಡಿದರೂ ಎದುರಾಳಿಯ ಗೆಲುವಿಗೇ ಹೋಗಿ ಬೀಳುವ ಸ್ಥಿತಿ ಸೋಲು. ಅಲ್ಲಿಂದ ಮತ್ತೆ ಒಂದು ಹೆಜ್ಜೆ ಹಿಂದೆ, ಮತ್ತೊಂದು ಹಿಂದೆ, ಹೊಸದಾಗಿ ಗುರುತು ಹಾಕಲು ಏನೂ ಸಿಗದ ತನಕ. ಕೊನೆಗೂ ಗುರುತಿಲ್ಲದೆ ಉಳಿದವೆಲ್ಲ ಡ್ರಾ. ನಿಮ್ಮ ಒಂಟೆ ಪದಾತಿ ಸ್ಥಿತಿಗೆ ಡೇಟಾಬೇಸ್ ಸೊನ್ನೆ ಅನ್ನುವುದು ಹೀಗೆ. ಮೂಲೆ ಯಾವ ಬಣ್ಣ, ಒಂಟೆ ಯಾವ ಬಣ್ಣ ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1970ರ ದಶಕದಲ್ಲೇ ರಾಣಿಗೆ ಎದುರಾಗಿ ಆನೆ ಇರುವ ಎಂಡ್‌ಗೇಮಿಗೆ ಇಂಥದ್ದೊಂದು ಡೇಟಾಬೇಸ್ ಮಾಡಿದರು. ರಾಣಿ ಸುಲಭವಾಗಿ ಗೆಲ್ಲುತ್ತಾಳೆ ಅಂತಲೇ ಎಲ್ಲರೂ ತಿಳಿದಿದ್ದರು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ರಾಣಿಯನ್ನು ಹಿಡಿದು ಕೂತರು, ಆನೆ ಕಂಪ್ಯೂಟರಿನ ಕೈಯಲ್ಲಿ. 31 ನಡೆಯಲ್ಲಿ ಗೆಲ್ಲಬಹುದಾದ ಸ್ಥಿತಿ ಅದು. 45 ನಡೆ ಆಡಿದ ಮೇಲೆ ಬ್ರೌನ್ ಡ್ರಾಗೆ ಒಪ್ಪಿಕೊಂಡರು. ಆನೆ ರಾಜನ ಪಕ್ಕ ಬಿಟ್ಟು ಕದಲಬಾರದು ಅಂತ ಪುಸ್ತಕಗಳು ಹೇಳುತ್ತಿದ್ದವು, ಕಂಪ್ಯೂಟರ್ ಅದನ್ನು ದೂರಕ್ಕೆ ಒಯ್ದು ಕಾಪಾಡಿಕೊಂಡಿತು. ಬ್ರೌನ್ ಸುಮ್ಮನಾಗಲಿಲ್ಲ. ಒಂದು ವಾರ ಕೂತು ಓದಿ, ಮತ್ತೆ ಬಂದು, ಇನ್ನೊಂದು ಸ್ಥಿತಿಯಿಂದ ಆಡಿ ಸರಿಯಾಗಿ ಐವತ್ತನೇ ನಡೆಗೆ ಆನೆಯನ್ನು ಹೊಡೆದರು. ಆ ಒಂದು ವಾರದ ಓದು ನನಗೆ ಆ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ.

ಐವತ್ತೇ ಯಾಕೆ ಅನ್ನುವುದರಲ್ಲಿ ನಿಮ್ಮ ರಾಣಿಯ ಪ್ರಶ್ನೆಗೂ ಉತ್ತರ ಇದೆ. ಎರಡೂ ಕಡೆಯವರು ಐವತ್ತೈವತ್ತು ನಡೆ ಆಡಿ, ಅಷ್ಟರಲ್ಲಿ ಒಂದು ಕಾಯಿಯೂ ಹೋಗದೆ, ಒಂದು ಪದಾತಿಯೂ ಕದಲದೆ ಇದ್ದರೆ ಡ್ರಾ ಕೇಳಬಹುದು. ಕಾಯಿ ಹೊಡೆದರೆ ಅಥವಾ ಪದಾತಿ ನಡೆಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಹಿಂದೆ ಜಾಸ್ತಿ ಬಳಕೆಯಲ್ಲಿದ್ದ ನಲಿಮೊವ್ ಡೇಟಾಬೇಸ್, ಮೇಟ್‌ಗೆ ಎಷ್ಟು ನಡೆ ಅಂತ ಹೇಳುತ್ತಿತ್ತು, ಈ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ರೊನಾಲ್ಡ್ ಡಿ ಮಾನ್ 2013ರಲ್ಲಿ ಹೊರತಂದ ಸಿಝಿಜಿ ಡೇಟಾಬೇಸ್ ಬೇರೆ ಲೆಕ್ಕ ಇಡುತ್ತದೆ: ಎಣಿಕೆ ಸೊನ್ನೆಗೆ ಬರಲು ಇನ್ನೆಷ್ಟು ನಡೆ. ನೀವು ನೋಡಿದ್ದು ಇದೇ. ನಿಮ್ಮ ಆಟದಲ್ಲಿ ಬಿಳಿಗೆ ರಾಣಿ ಮತ್ತು ಆನೆ, ಕಪ್ಪಿಗೆ ಒಂದು ಆನೆ. ರಾಣಿಯಿಂದ ಆ ಆನೆಯನ್ನು ಹೊಡೆದರೆ ಕಪ್ಪು ರಾಜ ರಾಣಿಯನ್ನು ಹೊಡೆಯುತ್ತಾನೆ, ನಿಜ. ಆದರೆ ಎಣಿಕೆ ತಕ್ಷಣ ಸೊನ್ನೆಯಾಯಿತು, ಉಳಿದ ಆನೆಯಿಂದ ಗೆಲುವು ಹೇಗೂ ಇದೆ. ಅದರ ಲೆಕ್ಕದಲ್ಲಿ ಅದೇ ಹತ್ತಿರದ ದಾರಿ. ನೀವು ಕೇಳಿದ್ದು ಚಂದದ ದಾರಿ, ಅದು ಹೇಳಿದ್ದು ಗೆಲುವು ಕೈತಪ್ಪದ ದಾರಿ. ಸ್ಟಾಕ್‌ಫಿಶ್‌ನಂಥ ಪ್ರೋಗ್ರಾಂ ಇಂಥ ಕಡೆ ಡೇಟಾಬೇಸ್ ನೋಡಿ ಗೆಲುವು ಕಳೆಯುವ ನಡೆಗಳನ್ನು ಮೊದಲೇ ತೆಗೆದುಹಾಕಿ, ಉಳಿದವುಗಳಲ್ಲಿ ತಾನೇ ಹುಡುಕುತ್ತದೆ. ಹಾಗಾಗಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ನಿಮಗೆ ಮನುಷ್ಯರು ಆಡುವಂಥ ನಡೆ ಸಿಗುತ್ತದೆ.

ಈ ಎಣಿಕೆಯ ಮಾತು ಚಿಕ್ಕದಲ್ಲ. 2006ರಲ್ಲಿ ಬೊರ್ಜುಟ್ಸ್ಕಿ ಮತ್ತು ಕೊನೊವಾಲ್ ಇಬ್ಬರೂ ಸೇರಿ, ರಾಣಿ ಕುದುರೆಗೆ ಎದುರಾಗಿ ಆನೆ ಒಂಟೆ ಕುದುರೆ ಇರುವ ಒಂದು ಸ್ಥಿತಿ ಕಂಡುಹಿಡಿದರು. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ, ಗೆಲುವಿನ ದಾರಿಯಲ್ಲಿ ಮೊದಲ ಕಾಯಿ ಹೋಗುವುದಕ್ಕೇ 517 ನಡೆ ಬೇಕು. ಪದಾತಿ ಇಲ್ಲವೇ ಇಲ್ಲ. ಡೇಟಾಬೇಸಿನಲ್ಲಿ ಅದು ಗೆಲುವು, ಟೂರ್ನಮೆಂಟಿನಲ್ಲಿ ಡ್ರಾ.

ಇನ್ನು ದೊಡ್ಡ ಹಾರ್ಡ್ ಡಿಸ್ಕ್ ಕೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ರಾಜರನ್ನೂ ಸೇರಿಸಿ ಐದು ಕಾಯಿಗಳ ತನಕದ ಸಿಝಿಜಿ ಒಂದು ಜಿಬಿಯ ಆಸುಪಾಸು, ಆರು ಕಾಯಿಗೆ ಸುಮಾರು 150 ಜಿಬಿ, ಏಳಕ್ಕೆ ಹೋದರೆ ಸುಮಾರು 17 ಟೆರಾಬೈಟ್. ಐದರದ್ದು ಇಳಿಸಿಕೊಳ್ಳಿ, ಎಸ್‌ಎಸ್‌ಡಿಯಲ್ಲಿ ಇಡಿ. ಪ್ರೋಗ್ರಾಂ ಹುಡುಕುವಾಗ ಡೇಟಾಬೇಸನ್ನು ಪದೇ ಪದೇ ತೆರೆಯುತ್ತದೆ, ನಿಧಾನದ ಡಿಸ್ಕ್ ಆದರೆ ಹುಡುಕಾಟವೇ ನಿಧಾನವಾಗುತ್ತದೆ. ಏಳು ಕಾಯಿಯ ಸ್ಥಿತಿ ಬಂದರೆ ಚೆಸ್ ಜಾಲತಾಣ ಲಿಚೆಸ್‌ನಲ್ಲಿ ಮೊಬೈಲಿನಿಂದಲೇ ಉಚಿತವಾಗಿ ನೋಡಬಹುದು.

ಕೊನೆಯದಾಗಿ ಆ ಒಂಬತ್ತು ಕಾಯಿಗಳ ಸ್ಥಿತಿ. ಪದಾತಿಗಳು ಒಂದಕ್ಕೊಂದು ಎದುರು ನಿಂತು ಬಾಗಿಲು ಹಾಕಿಬಿಟ್ಟಿವೆ, ಬಿಳಿಗೆ ಒಂದು ಒಂಟೆ ಜಾಸ್ತಿ, ಪ್ರೋಗ್ರಾಂ ಮೂರು ಅನ್ನುತ್ತಿದೆ. ಪೂರ್ತಿ ಡೇಟಾಬೇಸ್ ಇರುವುದು ಏಳು ಕಾಯಿಯ ತನಕ ಮಾತ್ರ, ಹಾಗಾಗಿ ಇಲ್ಲಿ ನೋಡಿ ಹೇಳುವ ಮಗ್ಗಿ ಇಲ್ಲ, ಮತ್ತೆ ಅಂದಾಜೇ ಗತಿ. ನಾನು ಮಾಡುವುದು ಹೀಗೆ: ಎರಡೂ ಕಡೆ ಪ್ರೋಗ್ರಾಮಿನಿಂದಲೇ ಮೂವತ್ತು ನಡೆ ಆಡಿಸುತ್ತೇನೆ. ಗೆಲುವು ನಿಜವಾಗಿ ಇದ್ದರೆ ಆ ಸಂಖ್ಯೆ ಮೆಲ್ಲಗೆ ಏರುತ್ತದೆ, ಕಾಯಿ ಒಳಗೆ ನುಗ್ಗುತ್ತದೆ. ಮೂರರಲ್ಲೇ ನಿಂತು ಒಂಟೆ ಅಲ್ಲೇ ಅತ್ತ ಇತ್ತ ಓಡಾಡುತ್ತಿದ್ದರೆ ಅದು ಬಹುತೇಕ ಕೋಟೆಯೇ, ಅಂದರೆ ಎದುರಾಳಿ ಒಳಗೆ ನುಗ್ಗಲಾಗದ ರಕ್ಷಣೆ, ಕಪ್ಪು ಉಳಿದುಕೊಳ್ಳುತ್ತದೆ. ನನ್ನ ಕಣ್ಣಿಗೆ ನಿಮ್ಮದು ಕೋಟೆಯಂತೆಯೇ ಕಾಣುತ್ತಿದೆ. ಆಡಿಸಿ ನೋಡಿ, ಬಿಳಿಯ ರಾಜ ಎಲ್ಲಿಂದಾದರೂ ಒಳಗೆ ಬಂದನೇ ಅಂತ ನನಗೆ ಬರೆಯಿರಿ.